ಒಣಗಬಾರದ ಗಾಯ

ಏಪ್ರಿಲ್ 7, ಸೋಮವಾರ

ನಿನ್ನೆ ಸಿಮೆಂಟು ಅವ್ವನ ಎಡ ಮೊಣಕಾಲನ್ನು ತಿಂದಿತು. ನಾಳೆ ಯಾರೂ ಇದನ್ನು ಅಪಘಾತ ಎಂದು ಕರೆಯಬಾರದು. ಅದಕ್ಕಾಗಿ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ಮರಾಠಿ ಸೀಮೆಯ ಈ ನಗರದ ಕೊಂಢವಾದಲ್ಲಿ ನಮ್ಮ ಖೋಲಿಯಿಂದ ಕೂಗಳತೆಯಲ್ಲಿ ಏಳುತ್ತಿರುವ ಕಟ್ಟಡಕ್ಕೆ ನಿನ್ನೆ ಸ್ಲ್ಯಾಬ್ ಹಾಕಿದರು. ಮುಂಜಾನೆಯಿಂದ ಸಂಜೆಯವರೆಗೆ ಹಸಿ ಕಾಂಕ್ರೀಟಿನಲ್ಲಿ ಕೆಲಸ. ಅಲ್ಲಿ ಗಂಡಸರಿಗೆ ಗಮ್‌ಬೂಟು ಇದೆ, ಹೆಂಗಸರಿಗೆ ಇಲ್ಲ. ಹೆಂಗಸರು ಪ್ಲಾಸ್ಟಿಕ್ ಚೀಲಗಳನ್ನು ಕಾಲಿಗೆ ಸುತ್ತಿ ಸುತಳಿಯಿಂದ ಬಿಗಿದುಕೊಳ್ಳುತ್ತಾರೆ. ಇದು ತಮ್ಮದೇ ಜಾಣತನ ಎಂದು ಅವರಿಗೆ ಹೆಮ್ಮೆ. ಮೆಟ್ಟಿಲಿನ ಕೆಳಗಿನ ಇಕ್ಕಟ್ಟಿನಲ್ಲಿ ಮೊಣಕಾಲೂರಿ ಹಲಗೆಯಿಂದ ಕಾಂಕ್ರೀಟು ಸಮ ಮಾಡುವುದಿತ್ತು. ಅವ್ವ ಮೊಣಕಾಲಿಗೂ ಚೀಲ ಕಟ್ಟಿಕೊಂಡಳು. ಸಿಮೆಂಟಿನ ನೀರು ಮೇಲಿನಿಂದ ಚೀಲದೊಳಗೆ ಇಳಿಯಿತು. ಸುತಳಿ ಬಿಗಿಯಾಗಿದ್ದರಿಂದ ಹೊರಗೆ ಹೋಗಲಿಲ್ಲ. ಇಡೀ ದಿನ ಅವಳ ಮೊಣಕಾಲು ಆ ನೀರಿನಲ್ಲಿ ಬೇಯಿತು.

ಸಂಜೆ ಸುತಳಿ ಬಿಚ್ಚಿದಾಗ ಚೀಲದ ಜೊತೆ ಚರ್ಮವೂ ಬಂತು.

“ಸಿಮೆಂಟ್ ಕಡದದ, ಅಷ್ಟ” ಎಂದಳು ಅವ್ವ. “ಎಲ್ಲಾರಿಗೂ ಕಡೀತದ. ನೀ ಉಣ್ಣು.”

ನಾನು ಉಣ್ಣಲಿಲ್ಲ. ನನ್ನ ತಾಯಿ ಭೀಮವ್ವ ಈ ಊರಿನ ಎಷ್ಟು ಮನೆಗಳ ನೆಲವನ್ನು ಸಮ ಮಾಡಿದ್ದಾಳೋ ಲೆಕ್ಕವಿಲ್ಲ. ಆ ಮನೆಗಳಲ್ಲಿ ನಿದ್ದೆ ಮಾಡುವವರಿಗೆ ಈ ಮೊಣಕಾಲನ್ನು ತೋರಿಸಬೇಕು.

ನಾನು ಕಾಲೇಜು ಕಂಡವನಲ್ಲ. ಅಫಜಲಪುರದಲ್ಲಿ ಅಜ್ಜಿಯ ಹತ್ತಿರ ಹತ್ತನೇ ತರಗತಿ ಮುಗಿಸಿ, ಅಪ್ಪ ತೀರಿಕೊಂಡ ಮೇಲೆ ಇಲ್ಲಿಗೆ ಬಂದೆ. ಪ್ರೆಸ್ಸಿನಲ್ಲಿ ಹಸ್ತಪತ್ರ, ಕಿರುಪುಸ್ತಕ ಮಡಚುವ ಕೆಲಸ. ಮಡಚುವುದನ್ನೆಲ್ಲ ಓದುತ್ತೇನೆ. ಕೂಲಿಯವರ ಹಕ್ಕು, ದೇವರಿಲ್ಲ ಎನ್ನುವುದು, ಔಷಧ ಕಂಪನಿಗಳ ಮೋಸ, ಪ್ರಕೃತಿ ಚಿಕಿತ್ಸೆ, ಎಲ್ಲವೂ ನನಗೆ ಸಿಕ್ಕಿದ್ದು ಆ ಮೇಜಿನ ಮೇಲೆ. ಪುಸ್ತಕಗಳು ದಪ್ಪವಾಗಿದ್ದಷ್ಟೂ ಸುಳ್ಳು ಅಡಗಲು ಜಾಗ ಹೆಚ್ಚು. ಹಸ್ತಪತ್ರಕ್ಕೆ ಸುತ್ತಿ ಬಳಸಿ ಹೇಳಲು ಪುರುಸೊತ್ತಿಲ್ಲ.

ಏಪ್ರಿಲ್ 9, ಬುಧವಾರ

ನಿನ್ನೆ ಸರಕಾರಿ ದವಾಖಾನೆಗೆ ಹೋಗಿದ್ದೆವು. ಡಾಕ್ಟರ್ ರೇಣು ವಿಜಯಪುರ ಕಡೆಯವರು. ನಮ್ಮ ಮಾತು ಕೇಳಿದೊಡನೆ ಕನ್ನಡಕ್ಕೆ ತಿರುಗಿದರು. ಗಾಯ ತೊಳೆದು, ಪಟ್ಟಿ ಕಟ್ಟಿ, ಹೊರಗಿನಿಂದ ತರಬೇಕಾದ ಒಂದು ಜೆಲ್ ಬರೆದುಕೊಟ್ಟರು. ಆಳ ಅದ, ಮ್ಯಾಲಿಂದ ಮ್ಯಾಲೆ ಬಂದು ತೋರಿಸ್ರಿ ಎಂದರು.

ಇಂದು ಸಂಜೆ ಮುಕಾದಮ ಅಂಬಾರಾಯ ಮಾಮಾ ಮನೆಗೆ ಬಂದ. ನಮ್ಮ ಊರಿನವನೇ. ಅವ್ವನನ್ನೂ ಇನ್ನೂ ಹತ್ತಾರು ಹೆಂಗಸರನ್ನೂ ಈ ಸೈಟಿಗೆ ಹಚ್ಚಿದವನು. ಒಂದು ಕೈಯಲ್ಲಿ ಎಳನೀರು, ಇನ್ನೊಂದರಲ್ಲಿ ಡಾಕ್ಟರು ಬರೆದ ಟ್ಯೂಬು.

“ಮಾಮಾ, ಇದು ಕಾಳಜೀಗೋ, ಬಾಯಿ ಮುಚ್ಚಾಕೋ?” ಎಂದೆ.

“ಕಾಲಿಗಿ ಹಚ್ಚಾಕ ತಂದೀನೋ ಮಾರಾಯಾ. ಬಾಯಿಗಿ ಹಚ್ಚೂ ಮದ್ದಿದ್ರ ಮೊದಲ ನಿನಗ ಹಚ್ತಿದ್ದೆ.”

ಅವ್ವ ನಕ್ಕಳು. ಅದು ನನಗೆ ಸರಿ ಬರಲಿಲ್ಲ.

ಅವನು ಹೋದ ಮೇಲೆ ಟ್ಯೂಬಿನ ಮೇಲಿನ ಹೆಸರು ಓದಿದೆ. ಹಯಲುರಾನಿಕ್ ಆಸಿಡ್. ಈ ಹೆಸರು ನನಗೆ ಗೊತ್ತು. ಹೋದ ತಿಂಗಳು ಮಗರಪಟ್ಟಾದ ಒಂದು ಬ್ಯೂಟಿ ಪಾರ್ಲರಿನ ಹಸ್ತಪತ್ರ ಮಡಚಿದ್ದೆ. ಅದರಲ್ಲಿ ಇದೇ ಹೆಸರು, ಪಕ್ಕದಲ್ಲಿ ಹೊಳೆಯುವ ಕೆನ್ನೆ. ಸಿರಿವಂತರ ಮುಖಕ್ಕೆ ಬಳಿಯುವುದನ್ನು ಬೆಂದ ಮಾಂಸಕ್ಕೆ ಬಳಿಯಬೇಕಂತೆ. ಅದೂ ಆಸಿಡ್. ಸುಟ್ಟವರೇ ತಂದುಕೊಟ್ಟ ಆಸಿಡ್.

ಟ್ಯೂಬನ್ನು ಗೋಡೆಯ ಮಾಡದಲ್ಲಿ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ. ಇದನ್ನು ಹಚ್ಚುವುದು ಬೇಡ ಎಂದೆ.

“ಡಾಕ್ಟರಬಾಯಾರು ಬರದಾರಲ್ಲೋ ದೇವ್ಯಾ.”

“ಅವರಿಗಿ ಕಂಪನಿ ಬರಿ ಅಂತದ, ಬರೀತಾರ.”

ಅವ್ವ ಪಟ್ಟಿಯ ಅಂಚು ಸರಿ ಮಾಡಿಕೊಂಡಳು. “ನೀ ಓದಿದಾಂವ. ನೀ ಅಂದಂಗ” ಎಂದಳು.

ಏಪ್ರಿಲ್ 13, ಭಾನುವಾರ

ಪ್ರಕೃತಿ ಚಿಕಿತ್ಸೆಯ ಕಿರುಪುಸ್ತಕ ಹುಡುಕಿ ಮತ್ತೆ ಓದಿದೆ. ಸೂರ್ಯನೇ ವೈದ್ಯ, ಗಾಳಿಯೇ ಔಷಧ. ಗಾಯವನ್ನು ಮುಚ್ಚಿಟ್ಟರೆ ಕೊಳೆಯುತ್ತದೆ, ಬಿಸಿಲಿಗೆ ಒಡ್ಡಿದರೆ ಒಣಗುತ್ತದೆ. ಎಷ್ಟು ಸರಳ. ಅವ್ವನಿಗೂ ಇದು ಒಪ್ಪಿತವಾಯಿತು. ಊರಲ್ಲಿ ಎಲ್ಲರೂ ಹೇಳುವುದು ಇದನ್ನೇ, ಗಾಯ ಒಣಗಬೇಕು. ಮಧ್ಯಾಹ್ನ ಪಕ್ಕದ ಚಾಳಿನ ಮಾಳಿಗೆಯ ಗಚ್ಚಿಗೆ ಹೋಗಿ ಗೋಡೆಗೆ ಒರಗಿ ಕಾಲು ಚಾಚಿ ಕೂರುತ್ತಾಳೆ. ಬಿಸಿಲು ನೇರ ಮೊಣಕಾಲಿನ ಮೇಲೆ ಬೀಳುತ್ತದೆ.

ದವಾಖಾನೆಗೆ ಮತ್ತೆ ಹೋಗಲಿಲ್ಲ. ಹೋದರೆ ಟ್ಯೂಬಿನ ಮಾತೇ ಬರುತ್ತದೆ.

ಸಂಘಟನೆಯ ಮಾರ್ತಾಂಡ ಅವರಿಗೆ ಅವ್ವನ ವಿಷಯ ಹೇಳಿದೆ. ಕಟ್ಟಡ ಕೂಲಿಗಳ ನಡುವೆ ಬಹಳ ವರ್ಷ ಕೆಲಸ ಮಾಡಿದವರು. ಮರಾಠಿಯಲ್ಲಿ ಅವರು ಮಾತಾಡುವುದನ್ನು ಕೇಳಿದರೆ ಮೈಯಲ್ಲಿ ಕರೆಂಟು ಹರಿದ ಹಾಗಾಗುತ್ತದೆ. ಮೇ ಒಂದರ ಸಭೆಯಲ್ಲಿ ಹೆಂಗಸರ ಗಮ್‌ಬೂಟಿನ ಬೇಡಿಕೆ ಇಡೋಣ ಎಂದರು. “ಬೇಡಿಕೆಯನ್ನು ಜನ ಮರೆಯುತ್ತಾರೆ, ಗಾಯವನ್ನು ಮರೆಯುವುದಿಲ್ಲ. ನಿನ್ನ ತಾಯಿಯನ್ನು ವೇದಿಕೆಗೆ ಕರೆದುಕೊಂಡು ಬಾ.”

ಹಸ್ತಪತ್ರ ಬರೆಯುವ ಕೆಲಸ ನನಗೆ ಕೊಟ್ಟರು. ಇಷ್ಟು ವರ್ಷ ಬೇರೆಯವರ ಮಾತು ಮಡಚಿದೆ. ಈಗ ನನ್ನದು.

ಏಪ್ರಿಲ್ 19, ಶನಿವಾರ

ಗಾಯದ ಮೇಲೆ ಕಪ್ಪು ಹಕ್ಕಳೆ ಕಟ್ಟಿದೆ, ಚರ್ಮದ ಚಪ್ಪಲಿಯ ಹಾಗೆ ಗಟ್ಟಿ. ಒಣಗುತ್ತಿದೆ. ಯಾವ ಕಂಪನಿಯ ಹಂಗೂ ಇಲ್ಲದೆ. ಅಂಚಿನಲ್ಲಿ ಕೆಂಪಾಗಿ ಊದಿದೆ, ಮುಟ್ಟಿದರೆ ಬಿಸಿ. ಅದು ದೇಹದ ಹೋರಾಟ. ಹೋರಾಟ ಎಂದ ಮೇಲೆ ಬಿಸಿ ಇರಲೇಬೇಕು.

ಪಕ್ಕದ ಖೋಲಿಯ ಅವ್ವಮ್ಮ ಕಾಕಿ ಬಂದು ನೋಡಿದಳು. ಅವ್ವನ ಜೊತೆ ಕೆಲಸ ಮಾಡುವವಳು, ನಾಲಿಗೆ ಕೊಡಲಿಯಂಥದು.

“ಏ ದೇವಾನಂದ, ನಿಮ್ಮವ್ವಗ ಕಾಲು ಮಡಚಾಕ ಬರವಲ್ದು. ದವಾಖಾನಿಗಿ ಒಯ್ಯೋ.”

“ಒಣಗಾಕತ್ತದ ಕಾಕಿ. ಮೇ ಒಂದಕ್ಕ ಸಭಾ ಅದ, ಅಲ್ಲಿತನಕ...”

“ಅಲ್ಲಿತನಕ ಏನು? ನಿನ್ನ ಭಾಷಣಕ್ಕ ನಿಮ್ಮವ್ವನ ಕಾಲು ಬೇಕೇನು? ನಿನ್ನ ಕಾಲು ಎರಡದಾವಲ್ಲ, ಒಂದು ಸುಟಗೋ.”

ಅವ್ವ ಅವಳನ್ನು ಗದರಿದಳು: “ಸುಮ್ನಿರ ಅವ್ವಮ್ಮ. ಅವ ನಮ್ಮ ಸಲುವಾಗೇ ಒದ್ದಾಡಾಕತ್ತಾನ.”

ನಮ್ಮ ಜನರಲ್ಲಿ ದೊಡ್ಡ ದೃಷ್ಟಿ ಇಲ್ಲ. ಅವರನ್ನು ದೂರಿ ಉಪಯೋಗವಿಲ್ಲ.

ಏಪ್ರಿಲ್ 26, ಶನಿವಾರ

ಹಸ್ತಪತ್ರ ಅಚ್ಚಾಯಿತು. ಶೀರ್ಷಿಕೆ ನಾನೇ ಕೊಟ್ಟೆ: “ಈ ಮೊಣಕಾಲಿನ ಮೇಲೆ ನಿಮ್ಮ ನಗರ ನಿಂತಿದೆ.” ಮೇಲೆ ಮರಾಠಿ, ಕೆಳಗೆ ಕನ್ನಡ, ನಡುವೆ ಅವ್ವನ ಮೊಣಕಾಲಿನ ಫೋಟೊ. ಗಚ್ಚಿಯ ಮೇಲೆ ಬಿಸಿಲಿನಲ್ಲಿ ತೆಗೆದದ್ದು. ಕಪ್ಪು, ಕೆಂಪು ಎರಡೂ ಚೆನ್ನಾಗಿ ಮೂಡಿವೆ.

ಕೆಲಸ ಮುಗಿದ ಮೇಲೆ ಕೂತು ಎಲ್ಲವನ್ನೂ ನಾನೇ ಮಡಚಿದೆ. ಒಂದೇ ಒಂದು ತೊಂದರೆ. ಕಾಗದದ ಅಳತೆಯಿಂದಾಗಿ ಮಡಿಕೆ ಸರಿಯಾಗಿ ಮೊಣಕಾಲಿನ ನಡುವೆಯೇ ಬೀಳುತ್ತದೆ. ಪ್ರತಿ ಸಲ ಉಗುರಿನಿಂದ ಗೀರಿ ಮಡಿಕೆ ಕೂರಿಸುವಾಗ ಗಾಯದ ಮೇಲೆಯೇ ಗೀರಬೇಕು. ಮುಂದಿನ ಸಲ ಫೋಟೊ ಸ್ವಲ್ಪ ಮೇಲೆ ಇಡಬೇಕು.

ಅವ್ವನಿಗೆ ತೋರಿಸಲಿಲ್ಲ. ಅವಳಿಗೆ ಓದಲು ಬರುವುದಿಲ್ಲ.

ಮೇ 1, ಗುರುವಾರ

ಸಭೆ ಯಶಸ್ವಿಯಾಯಿತು. ಅದನ್ನು ಮೊದಲು ಬರೆದಿಡಬೇಕು. ಅಷ್ಟು ಜನರನ್ನು ನಾನು ನಿರೀಕ್ಷಿಸಿರಲಿಲ್ಲ. ನನ್ನ ಹಸ್ತಪತ್ರ ಎಲ್ಲರ ಕೈಯಲ್ಲಿತ್ತು.

ಅವ್ವನನ್ನು ವೇದಿಕೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆವು. ಅಲ್ಲಿಯವರೆಗೆ ನಡೆಯಲು ಅವಳಿಗೆ ಬಹಳ ಹೊತ್ತು ಬೇಕಾಯಿತು. ನೀಲಿ ಇಳಕಲ್ ಸೀರೆ ಉಟ್ಟಿದ್ದಳು, ಮದುವೆಗಳಿಗೆ ಉಡುವಂಥದು. ಮಾರ್ತಾಂಡ ಅವರು ಮೈಕಿನಲ್ಲಿ, ಈ ತಾಯಿಯ ಮೊಣಕಾಲನ್ನು ನೋಡಿ ಎಂದರು. ಅವ್ವನಿಗೆ ಮರಾಠಿ ತಿಳಿಯುತ್ತದೆ. ಆದರೆ ತಿಳಿಯದವಳ ಹಾಗೆ ಕೂತಳು. ಎರಡೂ ಕೈಯಿಂದ ಸೀರೆಯನ್ನು ಮೊಣಕಾಲಿನ ಮೇಲೆ ಒತ್ತಿ ಹಿಡಿದಿದ್ದಳು.

ಮಾರ್ತಾಂಡ ನನ್ನ ಕಡೆ ನೋಡಿದರು. ಮುಂದೆ ಅಷ್ಟೊಂದು ಜನ ಕಾಯುತ್ತಿದ್ದರು. ನಾನು ಬಗ್ಗಿ ಅವಳ ಬೆರಳು ಬಿಡಿಸಿ ಸೀರೆ ಮೇಲೆ ಸರಿಸಿದೆ. ಬೆರಳು ಬಿಡಿಸಲು ಸ್ವಲ್ಪ ಬಲ ಹಾಕಬೇಕಾಯಿತು.

ಮುಂದಿನ ಸಾಲಿನವರು ಎದ್ದು ನಿಂತು ನೋಡಿದರು. ಆಮೇಲೆ ಘೋಷಣೆ ಎದ್ದಿತು. ಅಷ್ಟು ಹತ್ತಿರದಿಂದ ಗಾಯದ ವಾಸನೆ ನನಗೆ ಮೊದಲ ಸಲ ಬಂತು.

ವಾಪಸ್ ಬರುವಾಗ ರಿಕ್ಷಾದಲ್ಲಿ ಅವ್ವ ಹೊರಗೆ ನೋಡುತ್ತ ಕೂತಿದ್ದಳು. ಒಂದೇ ಮಾತು ಕೇಳಿದಳು.

“ನಮ್ಮೂರವ್ರು ಯಾರರ ಬಂದಿದ್ರೇನು? ಅಂಬಾರಾಯಣ್ಣ?”

“ಇಲ್ಲ.”

“ಚಲೋ ಆತು.”

ಮೇ 2, ಶುಕ್ರವಾರ

ಅವ್ವನಿಗೆ ಜ್ವರ. ಪ್ರೆಸ್ಸಿಗೆ ಹೋಗಲಿಲ್ಲ. ಹಣೆಗೆ ಒದ್ದೆ ಬಟ್ಟೆ ಇಟ್ಟೆ. ಕಿರುಪುಸ್ತಕದಲ್ಲಿ ಜ್ವರಕ್ಕೆ ಉಪವಾಸ ಎಂದಿದೆ. ಅವ್ವ ಹೇಗಿದ್ದರೂ ಏನೂ ತಿನ್ನುತ್ತಿಲ್ಲ.

ಮೇ 3, ಶನಿವಾರ

ಮುಂಜಾನೆ ಅವ್ವ ನನ್ನನ್ನು ಅಪ್ಪನ ಹೆಸರಿನಿಂದ ಕರೆದಳು. ಅವ್ವಮ್ಮ ಕಾಕಿ ಏನೂ ಬೈಯದೆ ರಿಕ್ಷಾ ತಂದಳು. ಅವಳು ಬೈಯದಿದ್ದುದರಿಂದಲೇ ನನಗೆ ಹೆದರಿಕೆಯಾಯಿತು.

ಡಾಕ್ಟರ್ ರೇಣು ಕಪ್ಪು ಹಕ್ಕಳೆಯ ಅಂಚಿಗೆ ಚಿಮಟ ಹಚ್ಚಿ ಎತ್ತಿದರು. ಅದರ ಕೆಳಗೆ ಒಣಗಿದ್ದು ಏನೂ ಇರಲಿಲ್ಲ. ಹಳದಿ, ಹಸಿರು, ಕೀವು. ಅವ್ವ ಹಲ್ಲು ಕಚ್ಚಿದಳು, ಕೂಗಲಿಲ್ಲ.

“ಇದು ಕೀಲಿನೊಳಗ ಇಳದ್ರ ಕಾಲು ಕಟಿಗಿ ಆಗ್ತದ” ಎಂದರು ಡಾಕ್ಟರು. “ಮುಂದ ಎಂದೂ ಮಡಚಾಕ ಬರೂದಿಲ್ಲ. ಇಳದದೋ ಇಲ್ಲೋ ಇವತ್ತ ಹೇಳಾಕ ಬರೂದಿಲ್ಲ. ಇಲ್ಲೇ ಇರ್ಲಿ, ಸಲಾಯಿನ್ಯಾಗ ಮದ್ದು ಕೊಡೂಣು. ಆ ಜೆಲ್ ಎಲ್ಲದ?”

“ಮನ್ಯಾಗ ಅದ್ರಿ.”

“ಎಷ್ಟು ಉಳದದ?”

“ಒಡದಿಲ್ರಿ.”

ಅವರು ನನ್ನನ್ನು ನೋಡಿದರು. ಆಗ ಜ್ವರದ ಕಣ್ಣು ತೆರೆದು ಅವ್ವ ಹೇಳಿದಳು: “ನಾನ ಬ್ಯಾಡಂದೆರಿ ಡಾಕ್ಟರಬಾಯಿ. ಉರೀತದಂತ ಅಂಜಿದೆ.”

ಅವ್ವ ಹಾಗೆ ಯಾಕೆ ಹೇಳಿದಳೋ. ಜ್ವರದಲ್ಲಿ ಮರೆತಿರಬೇಕು.

ಮಧ್ಯಾಹ್ನ ವಾರ್ಡಿನ ಹೊರಗಿನ ಬೆಂಚಿನಲ್ಲಿ ಡಾಕ್ಟರು ಪಕ್ಕಕ್ಕೆ ಬಂದು ಕೂತರು. ಕೈಯಲ್ಲಿ ಚಹಾ. ನಾನು ಕೇಳಬೇಕೆಂದಿದ್ದನ್ನು ಕೇಳಿಬಿಟ್ಟೆ.

“ಗಾಯಕ್ಕ ಆಸಿಡ್ ಹಾಕೂದು ಹೆಂಗ್ರಿ?”

“ಹೆಸರಷ್ಟ ಆಸಿಡ್. ಅದು ನಿನ್ನ ಕಣ್ಣಾಗ ಅದ, ಚರ್ಮದಾಗ ಅದ, ಮೊಣಕಾಲಿನ ಕೀಲಿನ್ಯಾಗ ಎಣ್ಣಿಯಂಗ ಅದ. ಸಕ್ಕರಿಯಂಥಾ ಸಣ್ಣ ಸಣ್ಣ ಮಣಿ ಪೋಣಿಸಿದ ಉದ್ದನ್ನ ಸರ ಅಂತ ತಿಳಿ. ನೀರು ಹಿಡಕೊಂಡು ಕೂಡೂದು ಅದರ ಕೆಲಸ.”

“ಪಾರ್ಲರ್‌ನವ್ರು ಮಾರ್ತಾರಲ್ರಿ?”

“ಮಾರೂ ಮಂದಿ ಏನ್ ಬೇಕಾದ್ದು ಮಾರ್ತಾರ. ಅದರಾಗ ಆ ಸರದ್ದೇನ್ ತಪ್ಪು?” ಚಹಾ ಕುಡಿದು ಮತ್ತೆ ಹೇಳಿದರು. “ನೋಡು, ಗಾಯಾದ ಕೂಡ್ಲೆ ಉರಿ, ಬಾವು ಬರ್ತಾವ. ಅವು ಬರಬೇಕು, ಮೈಯಿನ ಕಾವಲು ಅದು. ಗಾಯದಾಗ ಈ ಸರ ತುಂಡ ತುಂಡಾಗ್ತದ. ಆ ಸಣ್ಣ ತುಂಡುಗೋಳು ಒದರತಾವ, ಕಾವಲಿನವ್ರನ್ನ ಕರೀತಾವ, ಇನ್ನಷ್ಟು ಉರಿ ಹಚ್ಚತಾವ. ಉದ್ದನ್ನ ಸರ ಇದ್ದಲ್ಲಿ ಉರಿ ತಣ್ಣಗಾಗ್ತದ, ಹಸಿ ಉಳೀತದ, ಹೊಸಾ ಕಣಗೋಳು ಅದರ ಗುಂಟ ನಡಕೊಂತ ಬಂದು ಗಾಯ ಮುಚ್ಚತಾವ. ನಿಮ್ಮವ್ವನ ಗಾಯ ಮೊದಲ್ನೇ ಜಗಳದಾಗೇ ಸಿಕ್ಕೊಂಡು ಬಿಟ್ಟದ. ಕಟ್ಟೂ ಕೆಲಸ ಇನ್ನೂ ಸುರುನೇ ಆಗಿಲ್ಲ.”

“ಆದ್ರ ಗಾಯ ಒಣಗಬೇಕಲ್ರಿ?”

“ಒಣಗಬಾರ್ದು. ಮುಚ್ಚಬೇಕು. ಒಣ ನೆಲದಾಗ ಅವಕ್ಕ ನಡ್ಯಾಕ ಬರೂದಿಲ್ಲ.” ಎದ್ದು ನಿಂತರು. “ಇದೊಂದ ಹಚ್ಚಿದ್ರ ಎಲ್ಲಾ ಆಗ್ತದಂತ ತಿಳೀಬ್ಯಾಡ ಮತ್ತ. ತೊಳೀಬೇಕು, ಮದ್ದು ಮುಟ್ಟಬೇಕು, ಆಕಿ ಉಣಬೇಕು. ಇದು ಮಂತ್ರ ಅಲ್ಲ, ಬರೇ ಹಾದಿ.”

ಮನೆಗೆ ಹೋಗಿ ಹಿಟ್ಟಿನ ಡಬ್ಬಿಯ ಹಿಂದಿನಿಂದ ಟ್ಯೂಬು ತಂದೆ. ಮೇಲೆ ಜೋಳದ ಹಿಟ್ಟು ಕೂತಿತ್ತು. ಒರೆಸಿ ಕೊಟ್ಟೆ.

ಮೇ 8, ಗುರುವಾರ

ಅವ್ವನನ್ನು ಮನೆಗೆ ಕರೆತಂದೆವು. ಜ್ವರ ಬಿಟ್ಟಿದೆ. ಕೀವು ಕೀಲಿನೊಳಗೆ ಇಳಿದಿಲ್ಲ ಎಂದು ಎಕ್ಸ್‌ರೇ ನೋಡಿ ಹೇಳಿದ್ದಾರೆ. ಆದರೆ ಹೊಸದಾಗಿ ಕೆಂಪು ಮಾಂಸ ಬರದಿದ್ದರೆ ತೊಡೆಯ ಚರ್ಮ ತೆಗೆದು ಹಚ್ಚಬೇಕಾದೀತು. ಮುಂಜಾನೆ ಪಟ್ಟಿ ಬಿಚ್ಚಿ, ಸಲಾಯಿನ್ ನೀರಿನಿಂದ ತೊಳೆದು, ಜೆಲ್ ಹಚ್ಚಿ, ಹೊಸ ಪಟ್ಟಿ ಕಟ್ಟಬೇಕು. ನರ್ಸು ನನಗೆ ಕಲಿಸಿದರು.

ನಾನು ಕೈ ತೊಳೆದು ಬಂದಾಗ ಅವ್ವ ಸೀರೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು.

“ನೀ ಹೊರಗ ಹೋಗು. ಅವ್ವಮ್ಮ ಬರ್ಲಿ.”

“ನನಗ ಕಲಿಸ್ಯಾರ ಯವ್ವಾ.”

“ಹೋಗು ಅಂದೆ.”

ಮೇ 10, ಶನಿವಾರ

ಕೆಲಸಕ್ಕೆ ಹೋಗುವ ಮುಂಚೆ ಅವ್ವಮ್ಮ ಕಾಕಿ ಬರುತ್ತಾಳೆ. ನಾನು ಪರದೆಯ ಈಚೆ ನಿಲ್ಲುತ್ತೇನೆ. ಇಂದು ಅವಳು “ಅಯ್ಯ, ಎಷ್ಟೊಂದು ಕೀವ ಐತಿ ಇದು” ಎನ್ನುವುದು ಕೇಳಿಸಿತು.

“ಕಾಕಿ, ಅದು ಕೀವಲ್ಲ. ನಿನ್ನಿ ಹಚ್ಚಿದ ಜೆಲ್. ತಿಕ್ಕಬ್ಯಾಡ, ನೀರು ಬಿಟ್ಟ ತೊಳಿ.”

“ಕೇಳಿದೇನ ಭೀಮವ್ವ? ಪಡದಿ ಹಿಂದ ನಿಂತು ಡಾಕ್ಟರಕಿ ಮಾಡಾಕತ್ತಾನ.”

“ಮೊದ್ಲ ಆ ಜೆಲ್ಲಿನ ಮದ್ದನ್ನ ಹುಂಜದ ಜುಟ್ಟಿನಿಂದ ತಗೀತಿದ್ರಂತ. ಈಗ ಬ್ಯಾರೆ ರೀತಿ ಮಾಡ್ತಾರಂತ” ಎಂದು ಓದಿದ್ದನ್ನು ಹೇಳಿದೆ.

“ಹಂಗಾದ್ರ ನಾಳಿಂದ ನಸಿಕಿನ್ಯಾಗ ನೀನ ಕೂಗಿ ನಮ್ಮನ್ನ ಎಬ್ಬಸಬೇಕ ನೋಡ ಭೀಮವ್ವ.”

ಅವ್ವ ನಕ್ಕಳು. ಬಹಳ ದಿನದ ಮೇಲೆ.

ಮೇ 14, ಬುಧವಾರ

ಮುಂಜಾನೆಯೇ ಸ್ಲ್ಯಾಬ್ ಇದ್ದುದರಿಂದ ಅವ್ವಮ್ಮ ಕಾಕಿ ಬರಲಾಗಲಿಲ್ಲ. ಪಟ್ಟಿ ಒದ್ದೆಯಾಗಿತ್ತು. ಅವ್ವ ಗೋಡೆಯ ಕಡೆ ಮುಖ ತಿರುಗಿಸಿ, “ಬಾ” ಎಂದಳು.

ಸೀರೆಯನ್ನು ಅವಳೇ ಎಷ್ಟು ಬೇಕೋ ಅಷ್ಟೇ ಸರಿಸಿದಳು. ನಾನು ಅದಕ್ಕಿಂತ ಒಂದು ಬೆರಳು ಮೇಲೆ ನೋಡಲಿಲ್ಲ. ನೀರು ಬಿಟ್ಟೆ. ಜೆಲ್ ತಣ್ಣಗಿತ್ತು, ಹಚ್ಚುವಾಗ ಅವಳ ಕಾಲು ಒಮ್ಮೆ ಅದುರಿತು.

“ಉರೀತೇನು?”

“ಇಲ್ಲ. ತಂಪ ಅದ.”

ಗಾಯದ ಬುಡದಲ್ಲಿ ಒಂದು ಕಡೆ, ಮೆಂತ್ಯದ ಕಾಳಿನಷ್ಟು ಜಾಗದಲ್ಲಿ, ಕೆಂಪು ಕಂಡ ಹಾಗಾಯಿತು. ಬೆಳಕಿನ ಆಟವೂ ಇರಬಹುದು.

ಮೇ 16

ಬೆಳಕಿನ ಆಟವಲ್ಲ.

ಮೇ 19, ಸೋಮವಾರ

ಕೆಂಪು ಮಾಂಸ ದಾಳಿಂಬೆಯ ಕಾಳಿನ ಹಾಗೆ ಗುಂಪು ಗುಂಪಾಗಿ ಬರುತ್ತಿದೆ. ಪಟ್ಟಿ ಅಂಟಿಕೊಂಡರೆ ಎಳೆಯಬಾರದು. ಸಲಾಯಿನ್ ಹಾಕಿ, ಅದು ತಾನೇ ಬಿಡುವವರೆಗೆ ಕೂರಬೇಕು. ಕೂತಷ್ಟು ಹೊತ್ತು ಅವ್ವ ಊರಿನ ಮಾತು ಹೇಳುತ್ತಾಳೆ. ಅಪ್ಪನಿಗೆ ಈಜು ಬರುತ್ತಿರಲಿಲ್ಲವಂತೆ, ಆದರೂ ಭೀಮಾ ಹೊಳೆ ದಾಟಿದ್ದೆ ಎಂದು ಎಲ್ಲರಿಗೂ ಹೇಳುತ್ತಿದ್ದನಂತೆ. ಇದು ನನಗೆ ಗೊತ್ತಿರಲಿಲ್ಲ.

ಉಣ್ಣಲು ಬೇಳೆ, ಮೊಟ್ಟೆ ಕೊಡಬೇಕು. ಮೊಟ್ಟೆ ಬೇಯಿಸಲು ಕಲಿತೆ.

ಮೇ 21, ಬುಧವಾರ

ಮಳೆ ಬೇಗ ಶುರುವಾಗಿದೆ. ಮಾಡಿನ ತಗಡಿನ ಪತ್ರಾದಿಂದ ಸೋರುವ ಕಡೆ ಪಾತ್ರೆ ಇಟ್ಟು ಅವ್ವನ ಹಾಸಿಗೆ ಈಚೆಗೆ ಎಳೆದೆ. ಪಟ್ಟಿ ಒಣ, ಗಾಯ ಹಸಿ.

ಮೇ 27, ಮಂಗಳವಾರ

ಮಾರ್ತಾಂಡ ಅವರು ಫೋನು ಮಾಡಿದರು. ಲೇಬರ್ ಆಫೀಸಿನ ಮುಂದೆ ಧರಣಿ ಇದೆ, ದೊಡ್ಡ ಬ್ಯಾನರಿಗೆ ಮೊಣಕಾಲಿನ ಹೊಸ ಫೋಟೊ ಬೇಕು ಎಂದರು. ಈಗ ಗಾಯ ಕೆಂಪಾಗಿದೆ, ಚೆನ್ನಾಗಿದೆ ಎಂದೆ. ಅಷ್ಟು ಭೀಕರವಾಗಿ ಕಾಣುವುದಿಲ್ಲವೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಹಳೆಯದನ್ನೇ ಹಾಕೋಣ, ನೀನು ಬರುತ್ತೀಯಲ್ಲ ಎಂದರು. ಹಳೆಯದೂ ಬೇಡ, ಅವ್ವನನ್ನು ಕೇಳಿರಲಿಲ್ಲ ಎಂದೆ. ಕೆಟ್ಟವರಲ್ಲ ಅವರು. ಬೂಟಿನ ಅರ್ಜಿ ಮತ್ತೆ ಮತ್ತೆ ಕೊಟ್ಟವರು ಅವರೊಬ್ಬರೇ.

ಧರಣಿ ಮುಂಜಾನೆ ಇದೆ. ಅದೇ ಹೊತ್ತಿಗೆ ಪಟ್ಟಿ ಬದಲಿಸಬೇಕು. ಮಧ್ಯಾಹ್ನದ ಮೇಲೆ ಬರುತ್ತೇನೆ ಎಂದೆ.

ಜೆಲ್ ಮುಗಿಯುತ್ತ ಬಂದಿದೆ, ತರಬೇಕು.

ಜೂನ್ 1, ಭಾನುವಾರ

ಅಂಬಾರಾಯ ಮಾಮಾ ಬಂದಿದ್ದ. ನಾನು ಪಟ್ಟಿ ಕಟ್ಟುತ್ತಿದ್ದೆ. ಬಾಗಿಲಲ್ಲೇ ಬೆನ್ನು ತಿರುಗಿಸಿ ನಿಂತು, ಆದ ಮೇಲೆ ಒಳಗೆ ಬಂದ. ಮತ್ತೊಂದು ಟ್ಯೂಬು ತಂದಿದ್ದ. ತೆಗೆದುಕೊಂಡೆ.

“ಏನೋ ಅಳಿಯಾ, ಈ ಸಲ ಬಾಯಿ ಮುಚ್ಚಾಕ ಅನ್ಲಿಲ್ಲ?”

“ಹೆಂಗಸರಿಗಿ ಬೂಟ್ ಎಂದ ತರ್ತಿ ಮಾಮಾ?”

“ನಾ ಏನ್ ಮಾಲಕೇನೋ? ಮ್ಯಾಲಿನವ್ರಿಗಿ ಹೇಳೀನಿ.”

“ಮತ್ತ ಹೇಳು.”

ಜೋರಾಗಿ ಹೇಳಲಿಲ್ಲ. ಅವ್ವ ನಿದ್ದೆಗೆ ಜಾರುತ್ತಿದ್ದಳು. ಮಾಮಾ ಚಪ್ಪಲಿ ಹಾಕಿಕೊಂಡ.

ಜೂನ್ 8, ಭಾನುವಾರ

ಗಾಯದ ಅಂಚಿನಿಂದ ತೆಳ್ಳನೆಯ ಚರ್ಮ ಒಳಗೆ ಸರಿಯುತ್ತಿದೆ. ತೊಡೆಯ ಚರ್ಮ ತೆಗೆಯುವುದು ಬೇಡ ಎಂದರು ಡಾಕ್ಟರ್ ರೇಣು. ಹೊರಗೆ ಬಂದು ವಾರ್ಡಿನ ಆ ಬೆಂಚಿನಲ್ಲಿ ಕೂತೆ.

ಇನ್ನು ಮಡಚುವುದನ್ನು ಕಲಿಸಬೇಕು. ನಾನು ಹಿಮ್ಮಡಿಗೆ ಒಂದು ಕೈ, ಮೊಣಕಾಲಿನ ಹಿಂದೆ ಒಂದು ಕೈ ಕೊಟ್ಟು ನಿಧಾನವಾಗಿ ಮಡಚುತ್ತೇನೆ. ಅವ್ವ ಸಾಕು ಎಂದಲ್ಲಿ ನಿಲ್ಲಿಸುತ್ತೇನೆ.

ಜೂನ್ 18, ಬುಧವಾರ

ಸಂಜೆ ಅವ್ವಮ್ಮ ಕಾಕಿ ಕೆಸರು ಕಾಲಿನಲ್ಲೇ ಒಳಗೆ ಬಂದಳು. ಕೈಯಲ್ಲಿ ಎರಡು ಜೋಡಿ ಗಮ್‌ಬೂಟು. ಒಂದು ಜೋಡಿ ಅವ್ವನ ಮುಂದೆ ಇಟ್ಟಳು.

“ನಿಂದು. ನಿನ್ನ ಹೆಸರ ಹೇಳಿ ಇಸಗೊಂಡೀನಿ.”

ಏನಾಯಿತು ಎಂದು ಕೇಳಿದೆ.

“ಏನಾಗ್ತದ? ಇವತ್ತ ಸ್ಲ್ಯಾಬ್. ಕಾಂಕ್ರೀಟ್ ಮಾಲಿನ ಗಾಡಿ ಬಂದು ಗರಗರ ತಿರಗಾಕತ್ತಿತ್ತು. ನಾವೆಲ್ಲಾ ಹೆಣಮಕ್ಕಳು ಹೋಗಿ ಉಸುಕಿನ ಮ್ಯಾಲ ಕುಂತ್ವಿ. ಬೂಟ್ ಬರೂತನಕ ಮ್ಯಾಲ ಹತ್ತಂಗಿಲ್ಲ ಅಂದ್ವಿ. ಗಾಡ್ಯಾಗ ಮಾಲು ಗಟ್ಟಿ ಆಗ್ತದಂತ ಇಂಜಿನಿಯರ್ ಹಾರ್ಯಾಡಿದ. ಹಾರ್ಯಾಡ್ಲಿ. ಅಂಬಾರಾಯ ಫಟಫಟಿ ತಗೊಂಡು ಓಡಿದ ನೋಡು, ಹಿಂದ ನಾಯಿ ಹತ್ತಿದಂಗ. ತಂದ. ಎಲ್ಲಾ ಗಂಡಸರ ಅಳತಿವು, ಆದ್ರೂ ತಂದ.”

“ಹಿಂಗ ಕುಂಡ್ರಬೇಕಂತ ಯಾರ ಹೇಳಿಕೊಟ್ರು ಕಾಕಿ? ಮಾರ್ತಾಂಡ ಸಾಹೇಬ್ರೇನು?”

“ಯಾರ್ ಹೇಳಿಕೊಡಬೇಕೋ? ಸುರುವಿಗಿ ದಿನಾ ಮುಂಜಾನಿ ನಿಮ್ಮವ್ವನ ಮೊಣಕಾಲ ತೊಳದಾಕಿ ನಾನು. ಆ ಕೈಲೇ ಮತ್ತ ಚೀಲ ಕಟಗೊಳ್ಳಾಕ ಬರ್ಲಿಲ್ಲ ನನಗ.”

ನನ್ನ ಹಸ್ತಪತ್ರ ಯಾರಾದರೂ ಓದಿದ್ದರೇ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವ್ವ ಕಾಕಿಗೆ ಚಹಾ ಮಾಡು ಎಂದಳು. ಮಾಡಿದೆ.

ಜುಲೈ 6, ಭಾನುವಾರ

ಆಷಾಢ ಏಕಾದಶಿ. ಉಪವಾಸ ಬೇಡವೆಂದರೂ ಅವ್ವ ಕೇಳಲಿಲ್ಲ. ಸಾಬುದಾಣಿ ಖಿಚಡಿ ಮಾಡಿಸಿಕೊಂಡಳು.

ಗಾಯ ಮುಚ್ಚಿದೆ. ಹೊಸ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು, ನಸುಗೆಂಪು, ಹೊಳೆಯುತ್ತದೆ. ಬಿಸಿಲು ತಾಗಿಸಬಾರದು. ಮೊಣಕಾಲೂರಿ ಕೂರುವ ಕೆಲಸ ಇನ್ನು ಬೇಡ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ನಾಳೆಯಿಂದ ಉಸುಕು ಸೋಸುವ ಕಡೆ ಅವ್ವ ನಿಲ್ಲುತ್ತಾಳೆ. ಇನ್ನೂ ಸ್ವಲ್ಪ ದಿನ ಇರು ಎಂದೆ. ಮಾಡಿನ ತೂತು ಎಣಿಸಿ ಸಾಕಾಗಿದೆ ಎಂದಳು.

ಬೂಟು ಹಾಕಿ ನೋಡುತ್ತೇನೆ ಎಂದು ಹೊಸ್ತಿಲ ಮೇಲೆ ಕೂತಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ, ಬೂಟಿನೊಳಗೆ ಕಾಲು ಇಳಿಸಿದಳು. ಓಣಿಯಲ್ಲಿ ಜನ ಓಡಾಡುತ್ತಿದ್ದರು. ಅವಳ ಗಮನ ಬೂಟಿನ ಮೇಲಿತ್ತು. ಎದ್ದು ಎರಡು ಹೆಜ್ಜೆ ಹಾಕಿದಳು, ಬೂಟು ಹಿಂದೆಯೇ ಉಳಿಯಿತು.

“ಇದರಾಗ ನಾವಿಬ್ಬರೂ ಹೋಗಬೌದು ನೋಡು. ಮುಂದ ಏನರ ತುರುಕಬೇಕು. ಕಾಗದ ಅದಾವೇನು?”

ಮಂಚದ ಕೆಳಗೆ ಉಳಿದ ಹಸ್ತಪತ್ರಗಳ ಕಟ್ಟು ಇತ್ತು. ಅವ್ವ ಬಗ್ಗಿ ಅದನ್ನೇ ಎಳೆದು, ಮೇಲಿನದನ್ನು ಬಿಡಿಸಿದಳು. ಫೋಟೊ ಮೇಲೆ ಬಂತು. ಬೆಳಕಿಗೆ ಹಿಡಿದು ನೋಡಿದಳು.

“ಪಾಪ, ಯಾರದಿದು?”

ಅವಳು ಕಾಗದವನ್ನು ಇನ್ನಷ್ಟು ಹತ್ತಿರ ಹಿಡಿದು ನೋಡಿದಳು. ಮಡಿಕೆಯ ಗೆರೆಯ ಮೇಲೆ ಬೆರಳು ಆಡಿಸಿದಳು. ಆಮೇಲೆ ತನ್ನ ಮೊಣಕಾಲು ನೋಡಿಕೊಂಡಳು. ಸೀರೆ ಇಳಿಸಲಿಲ್ಲ.

“ನಂದೇನು?”

“ಹೌದು ಯವ್ವಾ. ನಿನ್ನ ಕೇಳದಂಗ ಹಾಕಿದ್ದೆ.”

ಅವಳು ಕಾಗದವನ್ನು ನನ್ನ ಕೈಗೆ ಕೊಟ್ಟಳು. “ಗಟ್ಟಿ ಕಾಗದ ಅದ. ಸಣ್ಣದ ಮಡಚು, ಚುಚ್ಚಬಾರ್ದು.”

ಎರಡೆರಡು ಹಸ್ತಪತ್ರ ಒಂದರ ಮೇಲೊಂದು ಇಟ್ಟು ಮಡಚಿದೆ. ಮತ್ತೆ ಮಡಚಿದೆ. ಮೂಲೆಗಳನ್ನು ಒಳಕ್ಕೆ ತಿರುಗಿಸಿ ಉಗುರಿನ ಬದಲು ಹೆಬ್ಬೆರಳಿನಿಂದ ಒತ್ತಿದೆ, ಅಂಚು ಮೆತ್ತಗಾಗಲಿ ಎಂದು. ಎರಡೂ ಬೂಟಿನ ಮೂತಿಗೆ ತುರುಕಿದೆ. ಅವ್ವ ನನ್ನ ಹೆಗಲು ಹಿಡಿದು ಕಾಲು ಇಳಿಸಿದಳು, ಓಣಿಯ ತುದಿಯವರೆಗೆ ಹೋಗಿ ಬಂದಳು. ಎಡಗಾಲು ಸ್ವಲ್ಪ ತಡವಾಗಿ ಮಡಚುತ್ತದೆ, ಆದರೆ ಮಡಚುತ್ತದೆ.

“ಬಲಕ್ಕ ಸರಿ ಅದ” ಎಂದಳು. “ಎಡಕ್ಕ ಇನ್ನೊಂದು ಹಾಕು.”